ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಸುತ್ತಿಕೊಂಡು ಸ್ಟ್ಯಾಂಡಪ್‌ನಲ್ಲಿ ಮನೆ ನಡೆಸಬಹುದಾ?

ಗುಬ್ಬಿಗಿಣಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಗುಬ್ಬಿ ತಾಲ್ಲೂಕಿನವನು, ಕನ್ನಡದಲ್ಲಿ ಸ್ಟ್ಯಾಂಡಪ್, ಅಂದರೆ ಒಬ್ಬನೇ ಮೈಕ್ ಹಿಡಿದು ನಗಿಸೋ ಹಾಸ್ಯ, ಮಾಡ್ತೀನಿ. ಬೆಂಗಳೂರಿನಲ್ಲಿ ಹೊಸಬರಿಗೂ ವೇದಿಕೆ ಸಿಗೋ ಓಪನ್ ಮೈಕ್‌ಗಳಲ್ಲಿ ತಿದ್ದಿಕೊಂಡ 20 ನಿಮಿಷದ ಸರಕು ಕೈಯಲ್ಲಿದೆ. ಬೆಂಗಳೂರಲ್ಲಿ ಬಾಡಿಗೆ ಕಟ್ಟಿಕೊಂಡು ಇರೋ ಬದಲು ಊರಲ್ಲೇ ಇದ್ದು, ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳ ಕಾರ್ಯಕ್ರಮ ಹಿಡಿದು ಬದುಕಬೇಕು ಅನ್ನೋ ಆಸೆ. ಮನೆಗೆ ತಿಂಗಳಿಗೆ 22,000 ರೂಪಾಯಿ ಬಂದರೆ ಸಾಕು.

ಮೂರು ವಿಷಯ ಕೇಳಬೇಕು. ಇಷ್ಟು ದುಡಿಮೆ ಆಗುತ್ತಾ, ಆಗೋದಾದರೆ ಒಂದು ಕಾರ್ಯಕ್ರಮಕ್ಕೆ ಎಷ್ಟು ಕೇಳಬೇಕು? ಕೆಫೆಯಲ್ಲಿ ಚೆನ್ನಾಗಿ ನಗಿಸೋ ಮಾತು ಪೆಂಡಾಲಿನಲ್ಲಿ ಯಾಕೆ ಸಪ್ಪೆ ಆಗುತ್ತೆ? ದುಡ್ಡು ಬಾಕಿ ಉಳಿಯದ ಹಾಗೆ ಮಾತಾಡಿಕೊಳ್ಳೋದು ಹೇಗೆ? ಹಾಸ್ಯೋತ್ಸವ, ನಗೆಹಬ್ಬಕ್ಕೆ ಹೋಗುವವರು, ಮೈಕ್‌ಸೆಟ್‌ನವರು, ಸಂಘದವರು ಯಾರೇ ಇದ್ದರೂ ಬಿಡಿಸಿ ಹೇಳಿ.

ಪೆಂಡಾಲ್ ಮೇಷ್ಟ್ರು

ಆಗುತ್ತೆ ತಮ್ಮಾ. ಆದರೆ ತಿಂಗಳ ಲೆಕ್ಕ ಬಿಟ್ಟು ವರ್ಷದ ಲೆಕ್ಕ ಹಾಕು. ಇದು ಸುಗ್ಗಿ ಕಸುಬು. ನವೆಂಬರಿನಲ್ಲಿ ಒಂದೇ ಸಂಜೆಗೆ ಮೂರು ಕಡೆಯಿಂದ ಕರೀತಾರೆ, ಆಷಾಢದಲ್ಲಿ ಫೋನ್ ಅಲ್ಲಾಡಲ್ಲ.

ತಿಂಗಳಿಗೆ 22,000 ಅಂದರೆ ವರ್ಷಕ್ಕೆ 2,64,000. ವರ್ಷಕ್ಕೆ 60 ಕಾರ್ಯಕ್ರಮ ಅಂತ ಇಟ್ಟುಕೋ. ಒಂದರಿಂದ ಮನೆಗೆ 4,400 ಉಳೀಬೇಕು. ಓಡಾಟಕ್ಕೆ ಸರಾಸರಿ 800, ಬಟ್ಟೆ, ಫೋನು, ವಿಡಿಯೊ ಕತ್ತರಿಸೋದು ಇಂಥವಕ್ಕೆ 300. ಹೊಸ ಸರಕು ಪರೀಕ್ಷೆ ಮಾಡೋಕೆ ಬೆಂಗಳೂರಿಗೆ ಹೋಗಿಬರೋ ಖರ್ಚು ವರ್ಷಕ್ಕೆ 12,000 ಅಂದರೆ ಕಾರ್ಯಕ್ರಮಕ್ಕೆ 200. ಒಟ್ಟು 5,700. ನೂರರಲ್ಲಿ ಹದಿನೈದು ರೂಪಾಯಿ ಬರದೇ ಹೋಗುತ್ತೆ ಅಂತ ಮೊದಲೇ ಕಳೆದುಬಿಡು. ಆಗ ನೀನು ಕೇಳಬೇಕಾದ ಸರಾಸರಿ 6,700 ಚಿಲ್ಲರೆ. ಶಾಲೆ ವಾರ್ಷಿಕೋತ್ಸವಕ್ಕೆ 3,000ಕ್ಕೆ ಒಪ್ಪಿದರೆ ಆ ಕೊರತೆಯನ್ನು ಯಾವುದೋ ಬಡಾವಣೆ ಸಂಘ ಅಥವಾ ಬೆಂಗಳೂರಿನ ಅಪಾರ್ಟ್‌ಮೆಂಟ್ ಕನ್ನಡ ಸಂಘ ತುಂಬಿಕೊಡಬೇಕು. ಈ ಸರಾಸರಿ ಒಂದು ಚೀಟಿಯಲ್ಲಿ ಬರೆದು ಫೋನ್ ಕವರ್ ಒಳಗೆ ಇಟ್ಟುಕೋ. ಎದುರಿನವರು ಚೌಕಾಸಿಗೆ ಕೂತಾಗ ಅದೇ ನಿನ್ನ ಅಳತೆಗೋಲು.

60 ಎಲ್ಲಿಂದ ಬರುತ್ತೆ ಅಂತೀಯಾ? ಗಣೇಶನ ಹಬ್ಬದಿಂದ ಮುಂದಿನ ಮೂರು ವಾರದಲ್ಲಿ 8. ಕನ್ನಡ ರಾಜ್ಯೋತ್ಸವ ನವೆಂಬರ್ 1ಕ್ಕೆ ಮುಗಿಯಲ್ಲ, ತಿಂಗಳಿಡೀ ಆಟೊ ಸ್ಟ್ಯಾಂಡು, ನೌಕರರ ಸಂಘ, ಬಡಾವಣೆ ಅಂತ ನಡೀತಾನೇ ಇರುತ್ತೆ, ಅಲ್ಲಿ 14. ಡಿಸೆಂಬರಿನಿಂದ ಫೆಬ್ರುವರಿವರೆಗೆ ಶಾಲೆಗಳ ವಾರ್ಷಿಕೋತ್ಸವ 12. ಜಾತ್ರೆಗಳಲ್ಲಿ 10. ಕಾಲೇಜು ದಿನಾಚರಣೆ 8. ಗೃಹಪ್ರವೇಶ, ನಿವೃತ್ತಿ ಬೀಳ್ಕೊಡುಗೆ, ಆರತಕ್ಷತೆ ಎಲ್ಲ ಸೇರಿ 8. ಮೊದಲ ವರ್ಷ ಇಷ್ಟು ತುಂಬಲ್ಲ, 25 ಆದರೂ ಒಳ್ಳೆಯದೇ. ಹಾಗಾಗಿ ಕೈಯಲ್ಲಿರೋ ಬೇರೆ ಕೆಲಸವನ್ನು ಮೊದಲ ಎರಡು ವರ್ಷ ಬಿಡಬೇಡ.

ಒಣ ದಿನಗಳೂ ಗೊತ್ತಿರಲಿ. ಆಷಾಢ ಒಂದು ತಿಂಗಳು, ಪಿತೃಪಕ್ಷ ಹದಿನೈದು ದಿನ, ಎಸ್ಸೆಸ್ಸೆಲ್ಸಿ, ಪಿಯುಸಿ ಪರೀಕ್ಷೆಯ ವಾರಗಳು. ಇವುಗಳ ಮೇಲೆ ಚುನಾವಣಾ ನೀತಿಸಂಹಿತೆ. ಅದು ಬಂತು ಅಂದರೆ ಸರ್ಕಾರಿ ಉತ್ಸವ ಪೂರ್ತಿ ನಿಂತುಹೋಗುತ್ತೆ, ಸಂಘದವರೂ ಅನುಮತಿಗೆ ಅಲೆದು ಸುಸ್ತಾಗಿ ಮುಂದಕ್ಕೆ ಹಾಕ್ತಾರೆ.

ಶಿವರಾತ್ರಿ ವಿಷಯ ಬಿಡಿಸಿ ಹೇಳಬೇಕು, ಹೊಸಬರು ಮುಗ್ಗರಿಸೋದು ಅಲ್ಲೇ. ಸಿದ್ಧಗಂಗೆ ಜಾತ್ರೆ, ನಂದಿಯ ಭೋಗನಂದೀಶ್ವರನ ರಥೋತ್ಸವ, ಮುಳಬಾಗಿಲು ಕಡೆ ಆವಣಿ ಜಾತ್ರೆ, ಮೂರೂ ಜಿಲ್ಲೆಯ ದೊಡ್ಡ ಜಾತ್ರೆಗಳು ಶಿವರಾತ್ರಿಯ ಆಸುಪಾಸಿನಲ್ಲೇ ಬರುತ್ತವೆ. ಜೊತೆಗೆ ಊರೂರಿನ ಶಿವನ ಗುಡಿಗಳಲ್ಲಿ ಜಾಗರಣೆ ಕಾರ್ಯಕ್ರಮ. ಎಲ್ಲರೂ ಕೇಳೋದು ಅದೇ ರಾತ್ರಿ. ಒಪ್ಪಿಕೊಳ್ಳೋದಾದರೆ ಒಂದೇ ದಾರಿಯಲ್ಲಿರೋ ಎರಡು ಊರು ಒಪ್ಪಿಕೋ. ಒಂದಕ್ಕೆ ರಾತ್ರಿ 8, ಇನ್ನೊಂದಕ್ಕೆ 11 ಅಂತ ಹೇಳು, ನಡುವೆ 40 ಕಿಲೋಮೀಟರಿಗಿಂತ ದೂರ ಇರಬಾರದು. ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ ಅನ್ನೋದು 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ. ಹಬ್ಬದ ಕೆಲವೇ ದಿನಗಳಿಗೆ ಮಧ್ಯರಾತ್ರಿವರೆಗೆ ಸರ್ಕಾರ ಸಡಿಲಿಕೆ ಕೊಡಬಹುದು. 11 ಗಂಟೆಯ ಕಾರ್ಯಕ್ರಮ ಅಂದವರಿಗೆ "ಪೊಲೀಸ್ ಅನುಮತಿ ಪತ್ರ ಕೈಗೆ ಬಂತಾ?" ಅಂತ ಮೊದಲು ಕೇಳು.

ಗುಬ್ಬಿ ಕಂಪನಿ 1884ರಲ್ಲಿ ನಿಮ್ಮೂರಲ್ಲೇ ಹುಟ್ಟಿದ್ದು. ಅಂಥ ನಾಟಕ ಕಂಪನಿಗಳು ಒಂದು ಊರಲ್ಲಿ ಕ್ಯಾಂಪ್ ಹಾಕಿದರೆ ವಾರಗಟ್ಟಲೆ ಅಲ್ಲೇ ಇರ್ತಿದ್ದವು. ನಮ್ಮದು ದಿನಕ್ಕೊಂದು ಊರು, ಓಡಾಟದಲ್ಲೇ ದುಡ್ಡು ಸೋರಿಹೋಗುತ್ತೆ. ತುಮಕೂರಿನಿಂದ ಪಾವಗಡಕ್ಕೆ ಹೋಗಿಬಂದರೆ 200 ಕಿಲೋಮೀಟರ್. ಲೀಟರಿಗೆ 45 ಕೊಡೋ ಬೈಕಿನಲ್ಲೂ ನಾಲ್ಕೂವರೆ ಲೀಟರ್ ಪೆಟ್ರೋಲ್, ಹತ್ತಿರ ಹತ್ತಿರ 460 ರೂಪಾಯಿ. ಪಾವಗಡದವರು ಕರೆದಾಗ ಮಧುಗಿರಿ, ಕೊರಟಗೆರೆಯ ಪರಿಚಯದವರಿಗೆ ಫೋನ್ ಮಾಡಿ "ಹಿಂದಿನ ದಿನ ನಿಮ್ಮ ಕಡೆ ಬರ್ತಿದ್ದೀನಿ, ಶಾಲೆ ಕಾಲೇಜಲ್ಲಿ ಏನಾದರೂ ಇದೆಯಾ" ಅಂತ ಕೇಳು. ಹೀಗೆ ಸೇರಿಸಿದ ಎರಡನೇ ಕಾರ್ಯಕ್ರಮ ಕಡಿಮೆ ದುಡ್ಡಿಗೆ ಆದರೂ ಲಾಭವೇ. ರಾತ್ರಿ ಕಾರ್ಯಕ್ರಮ ಮುಗಿಸಿ ತಾಲ್ಲೂಕು ಊರಿಂದ ಬಸ್ ಸಿಗುತ್ತೆ ಅಂತ ನಂಬಬೇಡ. ಮಲಗೋಕೆ ಜಾಗ ಇದೆಯಾ ಅಂತ ಮೊದಲೇ ಕೇಳಿಕೋ.

ಕೊನೇದಾಗಿ, ನಿರೂಪಣೆ ಕಲಿ. ನಿರೂಪಕ ಮೂರು ಗಂಟೆ ವೇದಿಕೆ ಮೇಲೆ ಇರ್ತಾನೆ, ಎಲ್ಲರಿಗೂ ಅವನ ನಂಬರ್ ಬೇಕಾಗುತ್ತೆ. ಆ 60ರಲ್ಲಿ ಇಪ್ಪತ್ತು ನಿರೂಪಣೆಯೇ ಆದರೂ ಸರಿ.

ಮೈಕ್‌ಸೆಟ್ ಮುಳಬಾಗಿಲು

ಎರಡನೇ ಪ್ರಶ್ನೆಗೆ ನನ್ನ ಉತ್ತರ. ಪೆಂಡಾಲಿನಲ್ಲಿ ಸಪ್ಪೆ ಆಗೋ ಹತ್ತರಲ್ಲಿ ಆರು ಸಲ ತಪ್ಪು ಮಾತಿನದಲ್ಲ, ಎಕೋದ್ದು.

ನಮ್ಮ ಕಡೆ ಮೈಕ್‌ಸೆಟ್ ಹಾಕೋರು ಹೆಚ್ಚಾಗಿ ಹಾಡಿಗೆ, ಭಜನೆಗೆ, ಹರಿಕಥೆಗೆ ಹೊಂದಿಸಿರ್ತಾರೆ. ಹಾಡೋರಿಗೆ ಎಕೋ ಬೇಕು, ದನಿ ತುಂಬಿಕೊಳ್ಳುತ್ತೆ. ಹಾಸ್ಯಕ್ಕೆ ಅದು ವಿಷ. ನೀನು ಕೊನೆಯ ಪದ ಹೇಳೋ ಹೊತ್ತಿಗೆ ಅದರ ಹಿಂದಿನ ಪದ ಇನ್ನೂ ಗಾಳಿಯಲ್ಲೇ ತೇಲ್ತಾ ಇರುತ್ತೆ, ಎರಡೂ ಕಲೆಸಿಕೊಂಡು ಜನಕ್ಕೆ ಏನೂ ಗೊತ್ತಾಗಲ್ಲ. ಗೊತ್ತಾಗದೇ ಇದ್ದದ್ದಕ್ಕೆ ಯಾರೂ ನಗಲ್ಲ. ವೇದಿಕೆ ಹತ್ತೋ ಮುಂಚೆ ಮಿಕ್ಸರ್ ಹತ್ತಿರ ಹೋಗಿ, "ಅಣ್ಣಾ, ನನ್ನ ಮೈಕಿಗೆ ಎಕೋ ಪೂರ್ತಿ ತೆಗೀರಿ, ಬರೀ ಮಾತು" ಅಂತ ಹೇಳು. ನಿನ್ನ ಚಾನೆಲ್‌ನಲ್ಲಿ ಎಫ್‌ಎಕ್ಸ್ ಅಂತ ಬರೆದಿರೋ ತಿರುಪು ಸೊನ್ನೆಗೆ ಬಂದಿದ್ದನ್ನು ಕಣ್ಣಾರೆ ನೋಡು. ತಗ್ಗಿನ ಗುಂಯ್ ಸದ್ದು ಕಳೆಯೋ ಲೋ ಕಟ್ ಗುಂಡಿ ಇದ್ದರೆ ಒತ್ತಿಸು. ಬಾಸ್ ಇಳಿಸಿ, ಮಿಡ್ ಸ್ವಲ್ಪ ಏರಿಸಿದರೆ ತ, ಟ, ಕ, ಪ ಅಕ್ಷರಗಳು ಬಿಡಿಬಿಡಿಯಾಗಿ ಕೇಳ್ತವೆ. ಡಿಜೆ ಬಾಕ್ಸ್ ಇರೋ ಕಡೆ ಇದು ಇನ್ನೂ ಮುಖ್ಯ.

ಎರಡನೇ ಶತ್ರು ಕಂಬದ ಹಾರ್ನು. ಊರ ಬಾಗಿಲಿನವರೆಗೆ ಲೈಟ್ ಕಂಬಕ್ಕೆ ಹಾರ್ನ್ ಕಟ್ಟಿರ್ತಾರೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತೆ. 100 ಮೀಟರ್ ದೂರದ ಹಾರ್ನಿನ ಸದ್ದು ಪೆಂಡಾಲಿಗೆ ಬರೋ ಹೊತ್ತಿಗೆ ಸೆಕೆಂಡಿನ ಮೂರನೇ ಒಂದು ಭಾಗ ತಡ. ಎರಡು ಮೂರು ಹಾರ್ನ್ ಇದ್ದರೆ ಒಂದೊಂದು ಪದವೂ ಮೂರು ಸಲ ಕೇಳುತ್ತೆ. ಕಾರ್ಯಕ್ರಮ ಇದೆ ಅಂತ ಊರಿಗೆ ಸಾರೋಕೆ ಹಾರ್ನ್ ಬೇಕು, ಸರಿ. ಹಾಸ್ಯ ಶುರು ಆದ ಮೇಲೆ ದೂರದ ಹಾರ್ನ್ ಆಫ್ ಮಾಡಿ ವೇದಿಕೆ ಪಕ್ಕದ ಬಾಕ್ಸ್ ಮಾತ್ರ ಇಡಿ ಅಂತ ಕೇಳಿಕೋ. ಹಾರ್ನ್ ಬೇರೆ ಆಂಪ್ಲಿಫೈಯರಿನಲ್ಲಿದ್ದರೆ ಒಂದು ಸ್ವಿಚ್ ಕೆಲಸ. ಒಂದೇ ಆಂಪ್ಲಿಫೈಯರಿನಿಂದ ಎಳೆದಿದ್ದರೆ ತಂತಿ ಬಿಚ್ಚಬೇಕು, ಅದನ್ನ ಸಂಜೆ 5ಕ್ಕೇ ಹೇಳಬೇಕು, ಜನ ಕೂತ ಮೇಲೆ ಯಾರೂ ಮಾಡಲ್ಲ. ಆಗದೇ ಹೋದರೆ ವಾಕ್ಯ ಚಿಕ್ಕದು ಮಾಡು, ಪ್ರತಿ ವಾಕ್ಯದ ನಂತರ ಒಂದು ಉಸಿರು ನಿಲ್ಲು.

ಮೈಕ್ ಹಿಡಿಯೋದು: ಜಾಲರಿಯ ಬುಡದಿಂದ ಕೆಳಗೆ ಹಿಡಿ. ಜಾಲರಿಯನ್ನು ಅಂಗೈಯಲ್ಲಿ ಮುಚ್ಚಿದರೆ ಕುಯ್ ಅಂತ ಕೂಗುತ್ತೆ. ತುಟಿಯಿಂದ ಮೂರು ನಾಲ್ಕು ಬೆರಳು ದೂರ, ಸ್ವಲ್ಪ ಓರೆಯಾಗಿ. ಬಾಕ್ಸ್ ಸ್ಪೀಕರಿನ ಮುಂದೆ ನಡೆದುಕೊಂಡು ಹೋಗಬೇಡ, ಜನರ ನಡುವೆ ಇಳೀತೀನಿ ಅಂದರೂ ಕೂಗುತ್ತೆ. ಕಾರ್ಡ್‌ಲೆಸ್ ಕೊಟ್ಟರೆ ಸೆಲ್ಲು ಯಾವಾಗ ಹಾಕಿದ್ದು ಅಂತ ಕೇಳು. ಮಕ್ಕಳ ಡಾನ್ಸು, ಭಾಷಣ ಎಲ್ಲ ಅದರಲ್ಲೇ ಆಗಿರುತ್ತೆ, ನಿನ್ನ ಸರದಿಗೆ ಸರಿಯಾಗಿ ಸಾಯುತ್ತೆ. ಆಲ್ಕಲೈನ್ ಪೆನ್ಸಿಲ್ ಸೆಲ್ಲು ಎರಡು ಜೇಬಿನಲ್ಲಿರಲಿ. ಜನರೇಟರಿಗೆ ಬದಲಾಯಿಸೋ ಕ್ಷಣದಲ್ಲಿ ಕಾರ್ಡ್‌ಲೆಸ್ ರಿಸೀವರ್ ಆಫ್ ಆಗಿ ಮತ್ತೆ ಆನ್ ಆಗಬೇಕು. ಹಾಗಾಗಿ ತಂತಿ ಮೈಕೇ ನಂಬಿಕಸ್ಥ.

ದುಡ್ಡು ಕೂಡಿದಾಗ ಮೊದಲು ಕೊಳ್ಳಬೇಕಾದ್ದು ಒಂದು ಒಳ್ಳೆ ಡೈನಮಿಕ್ ಮೈಕು, 10 ಮೀಟರ್ ಕೇಬಲ್ಲು. ನಮ್ಮ ಕಡೆ ಹಳೇ ಆಂಪ್ಲಿಫೈಯರುಗಳಿಗೆ ಪಿ-38 ಜಾಕ್, ಅಂದರೆ ಕಾಲಿಂಚಿನ ದಪ್ಪ ಪಿನ್ನು, ಬೇಕಾಗುತ್ತೆ. ಎಕ್ಸ್‌ಎಲ್‌ಆರ್ ಅನ್ನೋ ಮೂರು ಪಿನ್ನಿನ ತುದಿಯಿಂದ ಪಿ-38ಗೆ ಬದಲಾಗೋ ಕೇಬಲ್ ಇನ್ನೊಂದು ಇಟ್ಟುಕೋ.

ಮೈಕ್‌ಸೆಟ್ ಹುಡುಗನ ಹೆಸರು ಕೇಳಿ ತಿಳಕೋ, ಅವನು ಊಟ ಮಾಡಿದನಾ ಅಂತ ವಿಚಾರಿಸು. ಆ ರಾತ್ರಿ ನಿನ್ನ ಮಾತು ಜನಕ್ಕೆ ತಲುಪೋದು ಅವನ ಬೆರಳಿನಿಂದ.

ಚಿಂತಾಮಣಿ ಅಕ್ಕ

ಮೈಕ್‌ಸೆಟ್ ಅಣ್ಣ ಹೇಳಿದ್ದು ನೂರಕ್ಕೆ ನೂರು ಸರಿ. ಉಳಿದ ನಾಲ್ಕು ಸಲ ತಪ್ಪು ಮಾತಿನದೇ ಆಗಿರುತ್ತೆ, ಅದಕ್ಕೆ ನಾನು ಹೇಳ್ತೀನಿ.

ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತೆ. ಹಾಗಾಗಿ ನಗಿಸೋ ಪದ ವಾಕ್ಯದ ನಡುವೆ ಬಂದುಬಿಟ್ಟು, ಅದರ ಹಿಂದೆ "ಅಂತ ಹೇಳಿದ", "ಅಂತ ಅಂದ್ಲು" ಅನ್ನೋ ಬಾಲ ನೇತಾಡುತ್ತೆ. ನಗೋಕೆ ಬಾಯಿ ತೆರೆದ ಜನ ಬಾಲ ಮುಗೀಲಿ ಅಂತ ಕಾಯ್ತಾರೆ, ಅಷ್ಟರಲ್ಲಿ ನಗು ಆರಿಹೋಗುತ್ತೆ. ಚಿಕ್ಕ ಕೋಣೆಯಲ್ಲಿ ಹೇಗೋ ನಡೆದುಹೋಗುತ್ತೆ, ಪೆಂಡಾಲಿನಲ್ಲಿ ನಡೆಯಲ್ಲ. ಒಂದು ಉದಾಹರಣೆ:

"ಬೋರ್‌ವೆಲ್ ಪಾಯಿಂಟ್ ನೋಡೋಕೆ ತೆಂಗಿನಕಾಯಿ ಹಿಡ್ಕೊಂಡು ಬಂದಿದ್ರು, ಕಾಯಿ ಎದ್ದು ನಿಂತ ಕಡೆ 1,200 ಅಡಿ ಕೊರೆಸಿದ್ರೂ ನೀರು ಬರ್ಲಿಲ್ಲ, ನೀರು ಆ ಕಾಯೊಳಗೆ ಮಾತ್ರ ಇತ್ತು ಅಂತ ನಮ್ಮಜ್ಜಿ ಹೇಳಿದ್ಲು."

ವಿಷಯ ಚೆನ್ನಾಗಿದೆ, ಜೋಡಣೆ ಕೆಟ್ಟಿದೆ. "ಕಾಯೊಳಗೆ" ಅನ್ನೋದೇ ನಗು ಸಿಡಿಸೋ ಮದ್ದಿನ ಪದ. ಅದರ ಹಿಂದೆ ಐದು ಪದ ಇವೆ. ಈಗ ಇದನ್ನ ನೋಡಿ:

"ಪಾಯಿಂಟ್ ನೋಡೋರು ಬಂದ್ರು. ಅಂಗೈ ಮೇಲೆ ತೆಂಗಿನಕಾಯಿ. ಕಾಯಿ ಎದ್ದು ನಿಂತ್ಕೊಂತು. ಅಲ್ಲೇ ಕೊರೆದ್ರು. 300 ಅಡಿ. ಧೂಳು. 800 ಅಡಿ. ಧೂಳು. 1,200 ಅಡಿ. ನಮ್ಮಜ್ಜಿ ಎದ್ಲು, ಆ ಕಾಯಿ ತಗೊಂಡ್ಲು, ಟಪ್ ಅಂತ ಒಡೆದ್ಲು. 'ಅಷ್ಟು ದೂರ ಯಾಕಪ್ಪಾ ಹೋದ್ರಿ? ನೀರಿದ್ದಿದ್ದು ಇಲ್ಲೇ, ಕಾಯೊಳಗೆ!'"

ಯಾರು ಹೇಳಿದ್ದು ಅನ್ನೋದು ಮುಂಚೆಯೇ ಬಂತು, ಮದ್ದು ಕೊನೆಗೆ ಹೋಯ್ತು, ಬಾಲ ಕತ್ತರಿಸಿಹೋಯ್ತು. "ಧೂಳು" ಅಂದ ಮೇಲೆ ಪ್ರತಿಸಲ ನಿಲ್ಲಬೇಕು. ಎರಡನೇ ಧೂಳಿಗೇ ಬೋರ್ ಕೊರೆಸಿ ಸುಟ್ಟುಕೊಂಡ ರೈತರು ಮೊದಲು ನಗ್ತಾರೆ. ಮೂರನೇ ಸಲ "ಧೂಳು" ಹೇಳಬಾರದು, ಅದನ್ನ ಅವರೇ ಮನಸ್ಸಲ್ಲಿ ಹೇಳಿಕೊಂಡಿರ್ತಾರೆ. ನಿಮ್ಮ 20 ನಿಮಿಷವನ್ನು ಪೂರ್ತಿ ಬರೆದು, "ಅಂತ" ಎಲ್ಲೆಲ್ಲಿದೆ ಅಂತ ಕೆಂಪು ಪೆನ್ನಿನಲ್ಲಿ ಗುರುತು ಹಾಕಿ. ನಗು ಬರದೇ ಇದ್ದ ಕಡೆ ಬಹಳಷ್ಟು ಅದೇ ಸಿಗುತ್ತೆ.

ಭಾಷೆ ವಿಷಯ. ಬಾಗೇಪಲ್ಲಿ, ಗುಡಿಬಂಡೆ, ಶ್ರೀನಿವಾಸಪುರ, ಮುಳಬಾಗಿಲು, ನಿಮ್ಮ ಪಾವಗಡ ಎಲ್ಲ ಕಡೆ ಮನೆಮಾತು ತೆಲುಗು ಇರೋರು ಬಹಳ. ಕೆಜಿಎಫ್ ಕಡೆ ತಮಿಳು. ಅವರಿಗೆ ಕನ್ನಡ ಪೂರ್ತಿ ಅರ್ಥ ಆಗುತ್ತೆ, ಆದರೆ "ಕಾಡು" ಅನ್ನೋ ಒಂದೇ ಪದದ ಎರಡು ಅರ್ಥದ ಮೇಲೆ ನಿಂತ ಚಟಾಕಿ ಅರ್ಧ ಸೆಕೆಂಡ್ ತಡವಾಗಿ ತಲುಪುತ್ತೆ, ನಗು ಬರಲ್ಲ. ಸನ್ನಿವೇಶದ ಹಾಸ್ಯ ಮಾತ್ರ ಅಲ್ಲಿ ಗೆಲ್ಲುತ್ತೆ. ಆ ಅಜ್ಜಿ ಬಾಯಲ್ಲಿ ಕೊನೇ ಮಾತನ್ನ "ನೀಳ್ಳು ಉಂಡೇದಿ ಇಕ್ಕಡ ಕದ್ರಾ, ಟೆಂಕಾಯಲೋ!" ಅಂತ ಹೇಳಿಸಿ ನೋಡಿ, ಪೆಂಡಾಲ್ ಎದ್ದು ಕೂರುತ್ತೆ. ಆದರೆ ತೆಲುಗಿನವರನ್ನ ಅಣಕಿಸೋ ದನಿಯಲ್ಲಿ ಮಾತ್ರ ಬೇಡ. ಅಜ್ಜಿ ಅಲ್ಲಿ ಎಲ್ಲರಿಗಿಂತ ಜಾಣೆ, ಅದಕ್ಕೇ ಜನ ಅವಳನ್ನ ತಮ್ಮವಳು ಅಂತ ಒಪ್ಪಿಕೊಳ್ತಾರೆ.

ಹೊಸಬರು ಬಹಳ ಮಂದಿ ಉತ್ತರ ಕರ್ನಾಟಕದ ಧಾಟಿ ಹಿಡೀತಾರೆ. ಗಂಗಾವತಿ ಪ್ರಾಣೇಶ್ ಅವರಂಥ ದೊಡ್ಡವರ ಭಾಷಣ ಕೇಳಿ ಕೇಳಿ ಹಾಸ್ಯ ಅಂದರೆ ಆ ಭಾಷೆಯೇ ಅನ್ನೋ ನಂಬಿಕೆ ಕೂತಿದೆ. ಅದು ಅವರ ತಾಯಿನುಡಿ, ಅದಕ್ಕೇ ಅವರಿಗೆ ಒಪ್ಪುತ್ತೆ. ಗುಬ್ಬಿಯವರು ಗುಬ್ಬಿ ಮಾತಾಡಿ. ಕೊಬ್ಬರಿ ಹರಾಜು, ರೇಷ್ಮೆಗೂಡಿನ ಮಾರುಕಟ್ಟೆ, ಟೊಮೆಟೊ ದರ, ಡೇರಿಯಲ್ಲಿ ಹಾಲಿನ ಡಿಗ್ರಿ ನೋಡೋದು, ಇವುಗಳ ಮೇಲೆ ಯಾರೂ ಸರಿಯಾಗಿ ಕೈ ಇಟ್ಟಿಲ್ಲ. ಗಂಡ ಹೆಂಡತಿ, ಕುಡುಕ, ಮೇಷ್ಟ್ರು ಶಿಷ್ಯ ಇವೆಲ್ಲ ಜನ ಯೂಟ್ಯೂಬಿನಲ್ಲಿ ಕೇಳಿ ಬಾಯಿಪಾಠ ಮಾಡಿಕೊಂಡಿದ್ದಾರೆ. ಮುಂದಿನ ಸಾಲಿನ ಹುಡುಗ ನಿಮಗಿಂತ ಮುಂಚೆ ಕೊನೆ ಮಾತು ಹೇಳಿಬಿಡ್ತಾನೆ.

20 ನಿಮಿಷ ಸಾಲಲ್ಲ. 45 ಬೇಕು, ಆದರೆ ಒಂದೇ ಉದ್ದನೆ ಹಗ್ಗ ಆಗಿರಬಾರದು. ಒಂಬತ್ತು ನಿಮಿಷದ ಐದು ತುಂಡು ಮಾಡಿಕೊಳ್ಳಿ, ಯಾವುದನ್ನು ತೆಗೆದರೂ ಉಳಿದದ್ದು ನಿಲ್ಲಬೇಕು. ಯಾಕಂದರೆ ಆಮಂತ್ರಣ ಪತ್ರಿಕೆಯಲ್ಲಿ ಸಂಜೆ 6 ಅಂತ ಇದ್ದದ್ದು ಶುರುವಾಗೋದು 7:30ಕ್ಕೆ. ಸ್ವಾಗತ, ದೀಪ, ಗಣ್ಯರ ಭಾಷಣ, ಸನ್ಮಾನ ಎಲ್ಲ ಮುಗಿಯೋ ಹೊತ್ತಿಗೆ 9:40. ಧ್ವನಿವರ್ಧಕ 10ಕ್ಕೆ ನಿಲ್ಲಬೇಕು. ಆಗ ಎರಡು ತುಂಡು ಹಾಕಿ ಗೌರವವಾಗಿ ಇಳೀಬೇಕು.

ಸರದಿ ಕೇಳಿ ಪಡೀರಿ. ಮಕ್ಕಳ ಡಾನ್ಸ್ ಮುಗಿದ ತಕ್ಷಣ ಅಪ್ಪ ಅಮ್ಮ ಮಕ್ಕಳನ್ನ ಎತ್ತಿಕೊಂಡು ಮನೆಗೆ ಹೊರಡ್ತಾರೆ. ಬಹುಮಾನ ವಿತರಣೆ ಬಾಕಿ ಇದ್ದರೆ ಹೊರಡಲ್ಲ. ಹಾಗಾಗಿ ಡಾನ್ಸಿಗೂ ಬಹುಮಾನಕ್ಕೂ ನಡುವೆ ನಿಮ್ಮದು ಇರಲಿ. ಆರ್ಕೆಸ್ಟ್ರಾ ಆದ ಮೇಲೆ ಯಾವ ಕಾರಣಕ್ಕೂ ಒಪ್ಪಬೇಡಿ, ಅಷ್ಟು ಸದ್ದು ಕೇಳಿದ ಕಿವಿ ಮಾತಿಗೆ ಹೊಂದಿಕೊಳ್ಳಲ್ಲ. ಗಣ್ಯರ ಸೋಫಾ ವೇದಿಕೆಯಿಂದ 20 ಅಡಿ ದೂರ ಹಾಕಿರ್ತಾರೆ, ನಡುವಿನ ಖಾಲಿ ಜಾಗದಲ್ಲಿ ಟಾರ್ಪಾಲ್ ಹಾಸಿ ಮಕ್ಕಳನ್ನ ಕೂರಿಸಿ. ನಗು ಅಲ್ಲಿಂದ ಹೊತ್ತಿಕೊಂಡು ಹಿಂದಕ್ಕೆ ಹೋಗುತ್ತೆ.

ಜಾತಿ, ದೇವರು, ಊರಿನ ಎರಡು ಪಾರ್ಟಿ ಜಗಳ ಮುಟ್ಟಬೇಡಿ. ಕಾನೂನು ಇದೆ, 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 196 ಮತ್ತು 299ನೇ ಕಲಮುಗಳು ಇದಕ್ಕೇ ಬರುತ್ತವೆ. ಅದಕ್ಕಿಂತ ದೊಡ್ಡ ಕಾರಣ, ಪೆಂಡಾಲಿನಲ್ಲಿ ಕೂತವರು ನಾಳೆ ಬೆಳಗ್ಗೆ ಒಂದೇ ನಲ್ಲಿ ಹತ್ತಿರ ನೀರು ಹಿಡೀಬೇಕು. ಹೆಣ್ಣುಮಕ್ಕಳ ಮೈಬಣ್ಣ, ದಪ್ಪ ಸಣ್ಣ ಇದೂ ಬೇಡ. ಸ್ತ್ರೀಶಕ್ತಿ ಸಂಘದವರು ಒಮ್ಮೆ ಮುಖ ಸಿಂಡರಿಸಿದರೆ ಆ ಹೋಬಳಿಯಲ್ಲಿ ಮತ್ತೆ ಕರೆಯಲ್ಲ. ಕುಡಿದು ಕೂಗೋನು ಇದ್ದರೆ ಒಂದೇ ಸಲ ನಗುತ್ತಾ ಉತ್ತರ ಕೊಟ್ಟು ಸಮಿತಿಯವರ ಕಡೆ ನೋಡಿ. ಅವನೂ ಆ ಊರಲ್ಲಿ ಯಾರದೋ ಅಣ್ಣ.

ಹೊಸ ಸರಕು ಪರೀಕ್ಷೆಗೆ ಎನ್‌ಎಸ್‌ಎಸ್ ಶಿಬಿರ ಬಿಡಬೇಡಿ. ಏಳು ದಿನದ ವಿಶೇಷ ಶಿಬಿರ ಹಳ್ಳಿಯಲ್ಲೇ ನಡೆಯುತ್ತೆ, ಸಂಜೆ ಕಾರ್ಯಕ್ರಮ ಇರುತ್ತೆ, ಕಾಲೇಜು ಹುಡುಗರೂ ಊರಿನ ಹಿರಿಯರೂ ಒಟ್ಟಿಗೆ ಕೂತಿರ್ತಾರೆ. ಬಸ್ ಚಾರ್ಜ್ ಕೊಟ್ಟರೂ ಹೋಗಿ. ಫೋನನ್ನ ಸ್ಪೀಕರ್ ಹತ್ತಿರ ಇಡಬೇಡಿ, ಜನರ ನಡುವೆ ಯಾರ ಕೈಯಲ್ಲಾದರೂ ಕೊಟ್ಟು ರೆಕಾರ್ಡ್ ಮಾಡಿಸಿ. ನಿಮಗೆ ಬೇಕಿರೋದು ನಿಮ್ಮ ದನಿ ಅಲ್ಲ, ಅವರ ನಗು.

ಪೆಂಡಾಲ್ ಮೇಷ್ಟ್ರು

ಅಕ್ಕನ ಮಾತಿಗೆ ಒಂದು ತಕರಾರು. ಎನ್‌ಎಸ್‌ಎಸ್ ಶಿಬಿರ ಸರಿ, ಆದರೆ ಬಸ್ ಚಾರ್ಜಿಗೆ ಬರ್ತಾನೆ ಅನ್ನೋ ಸುದ್ದಿ ಅದೇ ತಾಲ್ಲೂಕಿನ ಸಂಘಗಳಿಗೆ ಹೋದರೆ ರೇಟು ನೆಲ ಕಚ್ಚುತ್ತೆ. ಅದಕ್ಕೆ ಶಿಬಿರವನ್ನ ನೀನು ಕಾರ್ಯಕ್ರಮ ಹಿಡಿಯದ ತಾಲ್ಲೂಕಿನಲ್ಲಿ ಆರಿಸಿಕೋ.

ಗುಬ್ಬಿಗಿಣಿ

ಎಲ್ಲರಿಗೂ ತುಂಬಾ ಧನ್ಯವಾದ. "ಅಂತ" ಎಣಿಸಿ ನೋಡಿದೆ, 20 ನಿಮಿಷದಲ್ಲಿ 61 ಇದೆ ಅಕ್ಕಾ, ಕತ್ತರಿಸ್ತೀನಿ. ದುಡ್ಡಿನ ಮಾತು ಇನ್ನೊಂದು ಸ್ವಲ್ಪ ಬಿಡಿಸಿ ಹೇಳ್ತೀರಾ? ಸರ್ಕಾರಿ ಕಾರ್ಯಕ್ರಮದ ಬಿಲ್ ಹೇಗೆ? ಟಿಕೆಟ್ ಇಟ್ಟು ತುಮಕೂರಲ್ಲೇ ಶೋ ಮಾಡಿದರೆ?

ಖಜಾನೆ ಕಿಟಕಿ

ಬಿಲ್ಲಿನ ವಿಷಯ ನಾನು ಹೇಳ್ತೀನಿ ಸರ್. ಸರ್ಕಾರಿ ದುಡ್ಡು ಖಜಾನೆ-2 ಅನ್ನೋ ಸರ್ಕಾರದ ಆನ್‌ಲೈನ್ ಪಾವತಿ ವ್ಯವಸ್ಥೆ ಮೂಲಕ ನೇರ ಬ್ಯಾಂಕ್ ಖಾತೆಗೆ ಬರುತ್ತೆ. ಅದಕ್ಕೆ ನಿಮ್ಮ ಹೆಸರಲ್ಲಿ ರೆಸಿಪಿಯೆಂಟ್ ಐಡಿ, ಅಂದರೆ ದುಡ್ಡು ಪಡೆಯೋರ ಗುರುತಿನ ಸಂಖ್ಯೆ, ಆಗಿರಬೇಕು. ಕಾರ್ಯಕ್ರಮ ಒಪ್ಪಿಕೊಂಡ ದಿನವೇ ಆಧಾರ್, ಪ್ಯಾನ್, ಪಾಸ್‌ಬುಕ್ಕಿನ ಮೊದಲ ಪುಟದ ಪ್ರತಿ ಕಚೇರಿಗೆ ಕೊಟ್ಟುಬಿಡಿ. ಹಣ ತಡವಾಗೋ ಸಾಮಾನ್ಯ ಕಾರಣ ಹೆಸರು ಹೊಂದದೇ ಇರೋದು. ಪ್ಯಾನ್‌ನಲ್ಲಿ ಇನಿಷಿಯಲ್ ಮುಂದೆ, ಪಾಸ್‌ಬುಕ್ಕಿನಲ್ಲಿ ಹಿಂದೆ, ಆಮಂತ್ರಣದಲ್ಲಿ ವೇದಿಕೆಯ ಹೆಸರು ಹೀಗಿದ್ದರೆ ಬಿಲ್ ವಾಪಸ್ ಬರುತ್ತೆ. ಮೂರೂ ಕಡೆ ಒಂದೇ ಹೆಸರು ಮಾಡಿಸಿಕೊಳ್ಳಿ, ವೇದಿಕೆ ಹೆಸರು ಬೇಕಿದ್ದರೆ ಪಕ್ಕದಲ್ಲಿ ಹಾಕಿಸಿ.

ಕಾರ್ಯಕ್ರಮ ಮುಗಿದ ಮಾರನೇ ದಿನ ಬಿಲ್, ಆಮಂತ್ರಣ ಪತ್ರಿಕೆ, ಬ್ಯಾನರ್ ಕಾಣೋ ಹಾಗೆ ತೆಗೆದ ಎರಡು ಫೋಟೊ, ಆದೇಶ ಪತ್ರದ ಪ್ರತಿ ಕೊಡಿ. ಫೋಟೊದಲ್ಲಿ ನೀವೂ ಬ್ಯಾನರಿನ ದಿನಾಂಕವೂ ಒಟ್ಟಿಗೆ ಇರಲಿ. ಮಾರ್ಚ್‌ನಲ್ಲಿ ಮಾಡಿದ ಕಾರ್ಯಕ್ರಮದ ಬಿಲ್ ಅದೇ ವಾರ ಕೊಡಿ, ಆರ್ಥಿಕ ವರ್ಷ ದಾಟಿದರೆ ಹೊಸ ಅನುದಾನ ಬರೋವರೆಗೆ ಕಾಯಬೇಕಾಗುತ್ತೆ. ಸಂಸ್ಥೆಗಳು ಟಿಡಿಎಸ್, ಅಂದರೆ ಕೊಡೋ ದುಡ್ಡಲ್ಲೇ ಮುಂಚಿತವಾಗಿ ತೆರಿಗೆ, ಹಿಡಿದಿದ್ದರೆ ಆ ಕಾಗದ ಜೋಪಾನ. ನಿಮ್ಮ ಆದಾಯ ತೆರಿಗೆ ಮಿತಿಯೊಳಗೆ ಇದ್ದರೂ ರಿಟರ್ನ್ ಸಲ್ಲಿಸಿದರೆ ಮಾತ್ರ ಆ ದುಡ್ಡು ವಾಪಸ್. ಬ್ಯಾಂಕ್ ಸಾಲ ಕೇಳೋ ದಿನ ಬಂದರೂ ಅದೇ ರಿಟರ್ನ್ ಕೇಳ್ತಾರೆ.

ಎಲ್ಲ ಆಮಂತ್ರಣ, ಪತ್ರಿಕೆ ತುಣುಕು, ಪ್ರಮಾಣಪತ್ರ ಒಂದು ಫೈಲಿನಲ್ಲಿ ದಿನಾಂಕದ ಪ್ರಕಾರ ಹಾಕಿಡಿ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯಲ್ಲಿ ಏನೇ ಅರ್ಜಿ ಹಾಕಿದರೂ ಇಷ್ಟು ವರ್ಷ ಕಲಾಸೇವೆ ಮಾಡಿದ್ದಕ್ಕೆ ಪುರಾವೆ ಅದೇ.

ಪೆಂಡಾಲ್ ಮೇಷ್ಟ್ರು

ಟಿಕೆಟ್ ಶೋ ಲೆಕ್ಕ ನೋಡು ತಮ್ಮಾ. 80 ಕುರ್ಚಿಯ ಜಾಗ, 150ರ ಟಿಕೆಟ್, 50 ಮಾರಾಟ ಆದರೆ 7,500. ಜಾಗಕ್ಕೆ 2,500, ಮೈಕ್‌ಸೆಟ್ 2,000, ಬ್ಯಾನರು ಕರಪತ್ರ 600. ಕೈಗೆ 2,400. ಮೂರು ಜನ ಸೇರಿ ಮಾಡಿದರೆ ತಲೆಗೆ 800. ಉಚಿತ ಪೆಂಡಾಲಿಗೆ ಒಗ್ಗಿರೋ ಊರಲ್ಲಿ ಟಿಕೆಟಿಗೆ ಜನ ಬರೋಕೆ ಸಮಯ ಬೇಕು. ತುಮಕೂರಿನ ಡಾ. ಗುಬ್ಬಿ ವೀರಣ್ಣ ಕಲಾಕ್ಷೇತ್ರ, ಕೋಲಾರದ ಟಿ. ಚನ್ನಯ್ಯ ರಂಗಮಂದಿರ ಇವು ದೊಡ್ಡವು, 50 ಜನ ಅಲ್ಲಿ ಚೆದುರಿ ಕೂತರೆ ನಗು ಒಬ್ಬರಿಂದ ಒಬ್ಬರಿಗೆ ದಾಟಲ್ಲ. ಚಿಕ್ಕ ಜಾಗ ತುಂಬಿಸು. ವರ್ಷಕ್ಕೆ ಮೂರು ಸಲ ಮಾಡು, ಅದು ಹೊಸ ಸರಕಿಗೆ, ಒಳ್ಳೆ ವಿಡಿಯೊಗೆ.

ಸಂಘದವರು ಫೋನ್ ಮಾಡಿದಾಗ ರೇಟು ಹೇಳೋ ಮುಂಚೆ ಇಷ್ಟು ಕೇಳು: ಯಾವ ದಿನ, ಪತ್ರಿಕೆಯಲ್ಲಿ ಎಷ್ಟು ಗಂಟೆ, ನನ್ನ ಹಿಂದೆ ಮುಂದೆ ಏನಿದೆ, ಎಷ್ಟು ಜನ, ಮೈಕ್‌ಸೆಟ್ ಯಾರದು, ದುಡ್ಡು ಯಾರ ಕೈಯಿಂದ. ಕೊನೇ ಪ್ರಶ್ನೆ ಬಿಡಲೇಬೇಡ. ಕರೆದವರು ಕಾರ್ಯದರ್ಶಿ, ದುಡ್ಡು ಖಜಾಂಚಿ ಹತ್ತಿರ, ಖಜಾಂಚಿ ಆ ರಾತ್ರಿ ಊರಲ್ಲೇ ಇರಲ್ಲ, ಬಾಕಿ ಉಳಿಯೋದು ಹೀಗೇ. ಮಾತಾದ ಮೇಲೆ ಅದೇ ದಿನ ವಾಟ್ಸಾಪ್‌ನಲ್ಲಿ ಬರೆದು ಕಳಿಸು: "ಅಣ್ಣಾ, ಮಾತಾಡಿದ ಹಾಗೆ ಇಂಥ ದಿನ, ರಾತ್ರಿ 8ಕ್ಕೆ, 40 ನಿಮಿಷ, ಗೌರವಧನ 7,000, ಓಡಾಟ ಸೇರಿ. ಅರ್ಧ ಮುಂಗಡ, ಉಳಿದದ್ದು ವೇದಿಕೆ ಹತ್ತೋ ಮುಂಚೆ. ಸಮಯ ಕಡಿಮೆ ಆದರೂ ಗೌರವಧನ ಇಷ್ಟೇ. ಸರಿ ಅಂತ ಒಂದು ಮಾತು ಕಳಿಸಿ." ಅವರು "ಸರಿ" ಅಂದರೆ ಅದೇ ಕರಾರು. ಮುಂಗಡ ಬರೋವರೆಗೆ ಪತ್ರಿಕೆಯಲ್ಲಿ ಹೆಸರು ಹಾಕಿಸಬೇಡ.

ಹಾರ, ಶಾಲು, ಹಣ್ಣಿನ ಬುಟ್ಟಿ ಪ್ರೀತಿಯಿಂದ ಕೊಡ್ತಾರೆ, ಪ್ರೀತಿಯಿಂದ ತಗೋ. ಆದರೆ ಅದನ್ನ ಗೌರವಧನದಲ್ಲಿ ಕಳೆಯೋ ಮಾತು ಬಂದರೆ, ಶಾಲು ಬೇಡ ಅಂತ ಮೊದಲೇ ಕೈಮುಗಿದು ಹೇಳಬಹುದು.

ಒಂದು ಕಡೆ ಮಾತ್ರ ಗಟ್ಟಿ ನಿಲ್ಲಬೇಡ. ಕಾರ್ಯಕ್ರಮದ ದಿನ ಊರಲ್ಲಿ ಸಾವಾದರೆ ಎಲ್ಲ ನಿಲ್ಲಿಸ್ತಾರೆ. ಆಗ ಮುಂಗಡದ ಮಾತು ಎತ್ತದೆ, "ತಿಥಿ ಎಲ್ಲ ಮುಗೀಲಿ, ನೀವು ಹೇಳಿದ ದಿನ ಬರ್ತೀನಿ" ಅನ್ನು. ಡೈರಿಯಲ್ಲಿ ಆ ಊರಿನ ಮುಂದೆ "ಮುಂಗಡ ಬಂದಿದೆ, ದಿನ ಬಾಕಿ" ಅಂತ ಬರೆದಿಡು.

ಚಿಂತಾಮಣಿ ಅಕ್ಕ

ಗಿಣಿ, ಆ ಡೈರಿಯಲ್ಲೇ ಇನ್ನೊಂದು ಕಲಂ ಎಳೀರಿ. ಯಾವ ಊರಲ್ಲಿ ಯಾವ ತುಂಡು ಹೇಳಿದ್ದು, ಯಾವ ಮಾತಿಗೆ ನಕ್ಕರು, ಯಾವುದಕ್ಕೆ ಕೆಮ್ಮಿದರು. ಮುಂದಿನ ವರ್ಷ ಅದೇ ಊರಿನವರು ಕರೆದಾಗ ಮೂರರಲ್ಲಿ ಒಂದು ಭಾಗವಾದರೂ ಹೊಸದಿರಬೇಕು. ರೀಲ್ಸ್‌ಗೆ ಒಂದು ನಿಮಿಷಕ್ಕಿಂತ ಹೆಚ್ಚು ಹಾಕಬೇಡಿ. 61 "ಅಂತ" ಕತ್ತರಿಸಿದ ಮೇಲೆ 20 ನಿಮಿಷ 16 ಆಗಬಹುದು, ಹೆದರಬೇಡಿ. ಆ ನಾಲ್ಕು ನಿಮಿಷದ ಜಾಗಕ್ಕೆ ಕೊಬ್ಬರಿ ಹರಾಜಿನದು ಬರೆದು ಇಲ್ಲೇ ಹಾಕಿ, ನೋಡಿ ಹೇಳ್ತೀನಿ.